‘ಏನೂ ಹಿಡಿಸಲಿಲ್ಲ’ ಎಂದವರ ಲೆಕ್ಕ

ದಿನ ತುಂಬಿದೆ, ನೀರು ಹೋಗಿದೆ, ನೋವು ಮಾತ್ರ ಬಂದಿಲ್ಲ. ಕಾಯಬೇಕೆ, ಡ್ರಿಪ್ ಹಾಕಿ ನೋವು ಬರಿಸಬೇಕೆ ಎಂಬ ಚರ್ಚೆ ಎದ್ದ ಕಡೆಯೆಲ್ಲ ಟರ್ಮ್‌ಪ್ರಾಮ್ ಎಂಬ ಹೆಸರು ತೀರ್ಪಿನಂತೆ ಬಂದು ಬೀಳುತ್ತದೆ. ಮೇರಿ ಹನ್ನಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಈ ಪ್ರಯೋಗದ ಗಾತ್ರವೇ ಎದುರಾಳಿಯ ಬಾಯಿ ಕಟ್ಟುತ್ತದೆ: 6 ದೇಶ, 72 ಆಸ್ಪತ್ರೆ, 5,041 ಗರ್ಭಿಣಿಯರು. ಫಲಿತಾಂಶ ಬಲ್ಲವರಿಗೆ ಬಾಯಿಪಾಠ. ಕೂಸಿನ ಸೋಂಕಿನಲ್ಲಾಗಲಿ ಸಿಸೇರಿಯನ್‌ನಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ನೀರಿನ ಚೀಲದ ಸೋಂಕು ಮಾತ್ರ ಕೂಡಲೇ ಆಕ್ಸಿಟೋಸಿನ್ ಪಡೆದವರಲ್ಲಿ ಶೇ. 4, ಕಾದವರಲ್ಲಿ ಶೇ. 8.6.

ನನ್ನ ತಕರಾರು ಸಾರಾಂಶದ ಕೊನೆಯ ವಾಕ್ಯದ ಮೇಲೆ. ಕಾಯುವುದಕ್ಕಿಂತ ನೋವು ಬರಿಸಿಕೊಳ್ಳುವುದನ್ನೇ ಹೆಂಗಸರು ಹೆಚ್ಚು ಮೆಚ್ಚುತ್ತಾರೆ ಎನ್ನುತ್ತದೆ ಅದು. ಈ ಮೆಚ್ಚುಗೆ ಬಂದದ್ದೆಲ್ಲಿಂದ? ನಾಲ್ಕು ಸಾಲು ಮೇಲೆ ಹೋಗಿ ನೋಡಿ: ಚಿಕಿತ್ಸೆಯಲ್ಲಿ ತಮಗೆ ‘ಏನೂ ಹಿಡಿಸಲಿಲ್ಲ’ ಎಂದವರು ನೋವು ಬರಿಸಿದ ಗುಂಪುಗಳಲ್ಲಿ ಕಡಿಮೆ. ಊಟದಲ್ಲಿ ಕಲ್ಲು ಸಿಗಲಿಲ್ಲ ಎಂದವನನ್ನು ಅಡುಗೆ ಹೊಗಳಿದವರ ಪಟ್ಟಿಗೆ ಸೇರಿಸಿದ ಹಾಗಾಯಿತು. ಅಲ್ಲದೆ, ಕಾದೇ ತೀರುತ್ತೇನೆಂದು ಪಟ್ಟು ಹಿಡಿದವಳು ಚೀಟಿ ಎತ್ತಿದಂತೆ ಗುಂಪು ಹಂಚುವ ಪ್ರಯೋಗಕ್ಕೆ ಸಹಿ ಹಾಕುವುದುಂಟೆ? ಅವಳ ಇಷ್ಟಾನಿಷ್ಟ ಲೆಕ್ಕಕ್ಕೇ ಬರಲಿಲ್ಲ. ಇಷ್ಟು ಪೊಳ್ಳು ಆಧಾರದ ಮೇಲೆ ನಿಂತ ಮಾತನ್ನು ಆ ಎರಡು ಗಟ್ಟಿ ಅಂಕಿಗಳ ಪಕ್ಕದಲ್ಲೇ, ಅದೇ ದನಿಯಲ್ಲಿ ಹೇಳಿಬಿಟ್ಟಿದ್ದಾರೆ.

ಸಹಜ ಹೆರಿಗೆಯ ಪಕ್ಷದವರಾದರೂ ಇದನ್ನು ಕೆದಕಬಹುದಿತ್ತು. ಅವರೋ ಕೂಸಿನ ಸೋಂಕಿನ ಸಾಲೊಂದನ್ನು ಓದಿ ಗೆದ್ದೆವೆಂದು ಎದ್ದುಹೋಗುತ್ತಾರೆ. ಗಂಟೆ ಎಣಿಸುವ ಪಕ್ಷದವರು 8.6 ಅನ್ನು ಬಾವುಟದಂತೆ ಹಿಡಿಯುತ್ತಾರೆ. ಇದೇ ದತ್ತಾಂಶವನ್ನು ಮತ್ತೆ ಜಾಲಾಡಿ 1997ರಲ್ಲಿ ಬಂದ ಲೇಖನವನ್ನು ಎರಡೂ ಕಡೆಯವರು ಸಲೀಸಾಗಿ ಮರೆತಿದ್ದಾರೆ. ತಾಯಿಯ ಸೋಂಕಿನೊಂದಿಗೆ ಎಲ್ಲಕ್ಕಿಂತ ಬಲವಾಗಿ ತಳುಕು ಹಾಕಿಕೊಂಡದ್ದು ಬೆರಳು ಹಾಕಿ ಮಾಡಿದ ಒಳಪರೀಕ್ಷೆಗಳ ಸಂಖ್ಯೆ ಎಂದು ಅದು ತೋರಿಸಿತ್ತು. ಹೆರಿಗೆ ಎಳೆದಷ್ಟೂ ಪರೀಕ್ಷೆಯೂ ಹೆಚ್ಚುತ್ತದೆ, ಆದ್ದರಿಂದ ಎಲ್ಲ ತಪ್ಪನ್ನೂ ಬೆರಳಿನ ಮೇಲೆ ಹೊರಿಸಲಾಗದು, ಒಪ್ಪಿದೆ. ಆದರೆ ಕಾದದ್ದರಿಂದ ಎಷ್ಟು, ಕಾಯುತ್ತ ಮುಟ್ಟಿದ್ದರಿಂದ ಎಷ್ಟು ಎಂದು ಬಿಡಿಸದೆ 8.6ನ್ನು ಕಾಯುವಿಕೆಯ ತಲೆಗೇ ಕಟ್ಟುವುದು ಯಾವ ನ್ಯಾಯ? ನೀರು ಹೋದ ಹೊತ್ತನ್ನು ಕೇಸ್‌ಶೀಟಿನಲ್ಲಿ ನಿಮಿಷ ಸಮೇತ ಬರೆಯುತ್ತಾರೆ. ಡ್ಯೂಟಿ ಡಾಕ್ಟರು ಒಮ್ಮೆ, ಪಾಳಿ ಬದಲಾದ ಮೇಲೆ ಬಂದವರು ಒಮ್ಮೆ, ಕಲಿಯಲು ನಿಂತ ವಿದ್ಯಾರ್ಥಿ ಇನ್ನೊಮ್ಮೆ ನೋಡಿದ್ದನ್ನು ಒಟ್ಟು ಕೂಡಿಸಿ ನೋಡುವವರು ಯಾರು?