ಸೋಮವಾರ ಏನಾಗುವುದು?

ಹದಿಹರೆಯದವರ ಶಾಲಾ ಹಾಸ್ಯಚಿತ್ರಗಳೆಂದರೆ ಹಿರಿಯರಾದ ನಾವು ಮೂಗು ಮುರಿಯುವುದುಂಟು. ಪ್ರೇಮ, ಪುಂಡಾಟ, ಶಿಕ್ಷಕರ ಗೇಲಿ, ಇಷ್ಟೇ ತಾನೆ ಎಂದು ಬದಿಗೆ ಸರಿಸುತ್ತೇವೆ. ಆದರೂ ಶಾಲೆ ಬಿಟ್ಟು ದಶಕಗಳು ಕಳೆದವರೂ ಇವನ್ನು ಮತ್ತೆ ಮತ್ತೆ ನೋಡುತ್ತಾರೆ. ಈ ಸೆಳೆತಕ್ಕೆ ಕಾರಣವೇನು? ಅಮೆರಿಕದ ಜಾನ್ ಹ್ಯೂಸ್ ಬರೆದು ನಿರ್ದೇಶಿಸಿದ, 1985ರಲ್ಲಿ ತೆರೆಕಂಡ 'ದಿ ಬ್ರೇಕ್‌ಫಾಸ್ಟ್ ಕ್ಲಬ್' ಚಿತ್ರವನ್ನು ಮುಂದಿಟ್ಟುಕೊಂಡು ಯೋಚಿಸೋಣ.

ಕಥೆ ಸರಳ. ಇಲಿನಾಯ್ ರಾಜ್ಯದ ಶರ್ಮರ್ ಎಂಬ ಕಲ್ಪಿತ ಊರಿನ ಶಾಲೆ. ಐವರು ವಿದ್ಯಾರ್ಥಿಗಳು ಒಂದು ಶನಿವಾರವಿಡೀ ಗ್ರಂಥಾಲಯದಲ್ಲಿ ಕುಳಿತು, ತಾವು ಯಾರೆಂಬುದರ ಬಗ್ಗೆ ಪ್ರಬಂಧ ಬರೆಯಬೇಕು. ನಾಲ್ವರು ಶಿಕ್ಷೆಗೆ ಗುರಿಯಾದವರು. ಐದನೆಯವಳಾದ ಆಲಿಸನ್, ಬೇರೇನೂ ಮಾಡಲು ಇಲ್ಲವೆಂದು ತಾನಾಗಿಯೇ ಬಂದವಳು. ಜಾಣ, ಕ್ರೀಡಾಪಟು, ವಿಲಕ್ಷಣೆ, ಸಿರಿವಂತೆ, ಪುಂಡ: ಒಬ್ಬೊಬ್ಬರ ಹಣೆಗೂ ಶಾಲೆ ಒಂದೊಂದು ಚೀಟಿ ಅಂಟಿಸಿದೆ. ಸಂಜೆಯಾಗುವಷ್ಟರಲ್ಲಿ ಆ ಚೀಟಿಗಳು ಕಳಚುತ್ತವೆ.

ಜಾಣನೆನಿಸಿದ ಬ್ರಯನ್, ಕೈಗೆಲಸದ ತರಗತಿಯಲ್ಲಿ ತಾನು ಮಾಡಿದ ದೀಪ ಉರಿಯದೆ ಅನುತ್ತೀರ್ಣನಾದವನು. ಮನೆಯವರ ನಿರೀಕ್ಷೆಯ ಭಾರ ತಾಳದೆ ಅವನು ಸಾಯಲು ಯೋಚಿಸಿದ್ದ. ಶಾಲೆಯ ಕಪಾಟಿನಲ್ಲಿ ಬಚ್ಚಿಟ್ಟಿದ್ದುದು ಸಂಕೇತದ ಬೆಂಕಿ ಹಾರಿಸುವ ಪಿಸ್ತೂಲು, ಅದೂ ಅಲ್ಲಿಯೇ ಸಿಡಿದುಹೋಯಿತು ಎಂದಾಗ ಉಳಿದವರೊಂದಿಗೆ ಅವನೂ ನಗುತ್ತಾನೆ. ನಾವೂ ನಗುತ್ತೇವೆ; ಆದರೆ ಆ ನಗುವಿನ ನಡುವೆಯೇ ಗಂಟಲು ಕಟ್ಟುತ್ತದೆ. ನೇರವಾಗಿ ಹೇಳಲಾಗದ ನೋವನ್ನು ಹಾಸ್ಯದ ಮರೆಯಲ್ಲಿ ಹೇಳಿಕೊಳ್ಳುವುದು ಆ ವಯಸ್ಸಿನ ರೀತಿ. ಇಂಥ ಚಿತ್ರಗಳ ಸೆಳೆತದ ಗುಟ್ಟು ಇಲ್ಲಿದೆ.

ಬ್ರಯನ್ ಕೇಳುವ ಪ್ರಶ್ನೆ ಇನ್ನೂ ಕಠಿಣವಾದುದು: ಸೋಮವಾರವೂ ನಾವು ಗೆಳೆಯರಾಗಿರುವೆವೇ? ಇಲ್ಲವೆಂದೇ ತನಗನಿಸುತ್ತದೆ ಎಂದು ಸಿರಿವಂತೆ ಕ್ಲೇರ್ ಒಪ್ಪಿಕೊಳ್ಳುತ್ತಾಳೆ. ಚಿತ್ರ ಶನಿವಾರ ಸಂಜೆಗೇ ಮುಗಿಯುತ್ತದೆ. ಉತ್ತರ ನಮ್ಮ ಪಾಲಿಗೆ ಉಳಿಯುತ್ತದೆ.

ಚಿತ್ರದ ದೋಷಗಳನ್ನು ಮರೆಮಾಚಬೇಕಾಗಿಲ್ಲ. ಚೀಟಿಗಳನ್ನು ಕೀಳಹೊರಟ ಹ್ಯೂಸ್, ಕೊನೆಯಲ್ಲಿ ಆಲಿಸನ್‌ಳ ಮುಖಕ್ಕೆ ಬಣ್ಣ ಹಚ್ಚಿ, ವೇಷ ಬದಲಿಸಿ, ಆಮೇಲಷ್ಟೇ ಅವಳಿಗೆ ಪ್ರೀತಿ ದೊರಕಿಸುತ್ತಾರೆ. ಪುಂಡ ಬೆಂಡರ್ ದಿನವಿಡೀ ಕ್ಲೇರ್‌ಳನ್ನು ಪೀಡಿಸುವುದನ್ನೂ ಚಿತ್ರ ಹಗುರವಾಗಿ ಕಾಣುತ್ತದೆ. ಆ ಪಾತ್ರ ವಹಿಸಿದ್ದ ಮಾಲಿ ರಿಂಗ್‌ವಾಲ್ಡ್ ಅವರೇ 2018ರಲ್ಲಿ ಇದರ ಬಗ್ಗೆ ತಮ್ಮ ಕಳವಳವನ್ನು ಬರೆದರು. ಪ್ರೀತಿಸಿದ ಕೃತಿಯನ್ನು ಹೀಗೆ ಪರೀಕ್ಷಿಸುವುದು ಕೃತಘ್ನತೆಯಲ್ಲ, ಪ್ರಾಮಾಣಿಕತೆ.

ಓದುಗರೇ, ನಿಮ್ಮ ಮನೆಯ ಮಕ್ಕಳು ಇಂಥ ಚಿತ್ರ ನೋಡುತ್ತಿದ್ದರೆ ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿ. ಅವರು ಎಲ್ಲಿ ನಗುತ್ತಾರೆ, ಎಲ್ಲಿ ಇದ್ದಕ್ಕಿದ್ದಂತೆ ಮೌನವಾಗುತ್ತಾರೆ ಎಂಬುದನ್ನು ಗಮನಿಸಿ. 'ನಮ್ಮ ಮಗ ಜಾಣ' ಎಂದು ನೆಂಟರ ಮುಂದೆ ಹೆಮ್ಮೆಯಿಂದ ನಾವು ಅಂಟಿಸುವ ಚೀಟಿಯೂ ಒಂದು ಹೊರೆಯಾಗಬಲ್ಲದೆಂಬುದು ಆಗ ನಮಗೆ ತಿಳಿದೀತು.