ಧರೆ ಎಂಬ ಮಾತಿಲ್ಲದ ಪರವಾನಗಿ

ಅಂಕೋಲೆಯ ಹಿಲ್ಲೂರಿನಂಥ ಗುಡ್ಡಗಾಡಿನಲ್ಲಿ ಮನೆ ಕಟ್ಟುವವರ ಅಂಗಳಕ್ಕೆ ಮೊದಲು ಬರುವವನು ಗವಂಡಿಯಲ್ಲ, ಜೆಸಿಬಿ ಚಾಲಕ. ಅವನು ಬರುವ ಮುಂಚೆ ಯಾರ ಅಪ್ಪಣೆ ಬೇಕು? ಕಾಯ್ದೆಯ ಸಾಲುಗಳನ್ನು ಆಡುಮಾತಿಗೆ ಇಳಿಸಿ ಒಂದೊಂದಾಗಿ ನೋಡೋಣ.

ಗ್ರಾಮ ಪಂಚಾಯತಿಯ ಲಿಖಿತ ಅನುಮತಿಯಿಲ್ಲದೆ ಯಾರೂ ಕಟ್ಟಡ ಕಟ್ಟಬಾರದು. (ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993, ಪ್ರಕರಣ 64)

'ಲಿಖಿತ' ಎಂದರೆ ಕಾಗದದ ಮೇಲೆ. "ಕಟ್ಟು ಮಾರಾಯ, ಮುಂದಿನದು ನೋಡಿಕೊಳ್ಳೋಣ" ಎಂಬ ಸದಸ್ಯರ ಮಾತು ಅನುಮತಿಯಲ್ಲ. ಆದರೆ ಸಾಲಿನ ಭಾರವೆಲ್ಲ ಬಿದ್ದಿರುವುದು 'ಕಟ್ಟಡ'ದ ಮೇಲೆ. ನಮ್ಮಲ್ಲಿ ಗುಡ್ಡದ ಬುಡ ಕಡಿದು ಸಪಾಟು ಮಾಡುವ ಕೆಲಸ ಅಡಿಪಾಯಕ್ಕಿಂತ ಎಷ್ಟೋ ಮೊದಲು ಮುಗಿದಿರುತ್ತದೆ. ನಕ್ಷೆ ಪಿಡಿಒ ಮೇಜಿಗೆ ಬರುವ ಹೊತ್ತಿಗೆ ಹಿತ್ತಲಲ್ಲಿ ಧರೆ, ಅಂದರೆ ಕಡಿದು ಬಿಟ್ಟ ಗುಡ್ಡದ ಗೋಡೆ, ಕೆಂಪಗೆ ಬಾಯ್ತೆರೆದು ನಿಂತಿರುತ್ತದೆ. ಅದರ ಸೊಲ್ಲು ಈ ಸಾಲಿನಲ್ಲಿಲ್ಲ.

ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸುವವರು ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. (ಭೂಕಂದಾಯ ಅಧಿನಿಯಮ, 1964, ಪ್ರಕರಣ 95, ಉಪಪ್ರಕರಣ 2)

ಹಳಬರು ಬಿನ್‌ಶೇತ್ಕಿ ಎನ್ನುವುದು, ಈಗಿನವರು ಎನ್.ಎ. ಎನ್ನುವುದು ಇದನ್ನೇ. ಕೇಳುವುದು ಉಪಯೋಗ ಬದಲಾಯಿತೇ ಎಂದು. ಇಳಿಜಾರು ಬದಲಾಯಿತೇ ಎಂದಲ್ಲ.

ಬೇಸಾಯದ ಅನುಕೂಲಕ್ಕೆ ಜಮೀನನ್ನು ಸುಧಾರಿಸಿಕೊಳ್ಳಲು ರೈತನಿಗೆ ಹಕ್ಕಿದೆ. (ಅದೇ ಪ್ರಕರಣ, ಉಪಪ್ರಕರಣ 1)

ಬಾವಿ, ಕೆರೆ, ಕೊಟ್ಟಿಗೆಗಾಗಿ ಬರೆದ ನ್ಯಾಯವಾದ ಸಾಲು. ಸಲಿಕೆ ಪಿಕಾಸಿಯ ಕಾಲದಲ್ಲಿ 'ಸುಧಾರಣೆ' ವರ್ಷಕ್ಕೆ ಒಂದು ಮೆಟ್ಟಿಲು. ಹಿಟಾಚಿ ಬಂದ ಮೇಲೆ ಅಡಿಕೆ ತೋಟಕ್ಕೆಂದು ವಾರದೊಳಗೆ ಇಡೀ ಓರೆಯನ್ನು ಬೋಳಿಸಬಹುದು. ಮಾತು ಅದೇ ಉಳಿದಿದೆ, ಕೈ ಬದಲಾಗಿದೆ.

ರಸ್ತೆಯಂಥ ಉದ್ದನೆಯ ಕಾಮಗಾರಿಗೆ ಸಾಮಾನ್ಯ ಮಣ್ಣು ತೆಗೆಯಲು ಪೂರ್ವ ಪರಿಸರ ಅನುಮತಿ ಬೇಡ. (ಕೇಂದ್ರ ಅಧಿಸೂಚನೆ, 28 ಮಾರ್ಚ್ 2020)

2020ರ ಈ ಸಾಲು ಉಳಿಯಲಿಲ್ಲ. 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಾಲ್ಕು ತಿಂಗಳು ತುಂಬುವ ಮೊದಲೇ, ಜುಲೈ 16ರ ಬೆಳಿಗ್ಗೆ, ಇದೇ ತಾಲೂಕಿನ ಶಿರೂರಿನಲ್ಲಿ ಚತುಷ್ಪಥ ಹೆದ್ದಾರಿಯ ಮೇಲಿನ ಗುಡ್ಡ ಜಾರಿ ಗಂಗಾವಳಿಗೆ ಬಿತ್ತು. ಎದುರು ದಡದ ಉಳುವರೆಯ ಮನೆಗಳಿಗೂ ನೀರು ಅಪ್ಪಳಿಸಿತು. ಮಣ್ಣಿನ ಜೊತೆ ಹೊಳೆ ಸೇರಿದ್ದ ಒಂದು ಲಾರಿಯನ್ನು ಎತ್ತಲು ಸೆಪ್ಟೆಂಬರ್ 25 ಬರಬೇಕಾಯಿತು. ಆ ವಿನಾಯಿತಿಗೂ ಶಿರೂರಿಗೂ ನಾನು ಗಂಟು ಹಾಕುತ್ತಿಲ್ಲ; ಮಣ್ಣನ್ನು 'ಸಾಮಾನ್ಯ' ಎಂದು ಕರೆದ ಆ ಮಾತಿನ ಧಾಟಿಯನ್ನು ನೋಡಿ ಎನ್ನುತ್ತಿದ್ದೇನೆ.

ನಮ್ಮ ಮಣ್ಣು ಸಾಮಾನ್ಯವಲ್ಲ. ಮೇಲೆ ಚಿರೆಕಲ್ಲಿನ ಗಟ್ಟಿ ಹೊದಿಕೆ, ಹಲವೆಡೆ ಅದರ ಕೆಳಗೆ ಶೇಡಿ. ಒಣಗಿದಾಗ ಗೋಡೆಯ ಮೇಲೆ ಚಿತ್ತಾರ ಬರೆಯಲು ಬಳಸಿದ ಅದೇ ಬಿಳಿ ಮಣ್ಣು. ನೆನೆದದ್ದನ್ನು ಬೆರಳಲ್ಲಿ ಉಜ್ಜಿದರೆ ಸಾಬೂನು. ಧರೆಯನ್ನು ನೆಟ್ಟಗೆ ಕಡಿದರೆ ಶೇಡಿ ಬಯಲಾಗುತ್ತದೆ, ಆಷಾಢದ ಮಳೆ ಒಳಗಿಳಿಯುತ್ತದೆ, ಮೇಲಿನ ಭಾರಕ್ಕೆ ಕೆಳಗೆ ಊರುಗೋಲಿಲ್ಲ. ಕಾರವಾರದ ಕಡವಾಡದಲ್ಲಿ 2009ರ ಅಕ್ಟೋಬರ್ 2ರಂದು 19 ಜನ ಮಣ್ಣಿನಡಿ ಹೋದರು. ಅದಾಗಿ ಹದಿನೈದು ವರ್ಷಕ್ಕೆ ಶಿರೂರು.

ಹಾಗಾಗಿ ಬರೆಯದೆ ಉಳಿದ ಸಾಲಿಗೂ ಒಂದು ವ್ಯಾಖ್ಯಾನ ಸಲ್ಲಬೇಕು: ಎಷ್ಟು ಎತ್ತರ ಕಡಿಯುತ್ತೀರಿ, ತೆಗೆದ ಮಣ್ಣು ಎಲ್ಲಿಗೆ, ನೀರು ಯಾವ ದಾರಿ, ಮಳೆಗಾಲ ಹಿಡಿಯುವ ಮುಂಚೆ ಮುಗಿಯುತ್ತದೆಯೇ? ಕೊಡಗಿನಲ್ಲಿ ಮಳೆಗಾಲದ ಅಗೆತಕ್ಕೆ ಜಿಲ್ಲಾಡಳಿತ ತಡೆ ಹಾಕಿದ್ದುಂಟು. ನಮಗೂ ಅದು ಬೇಕು. ಪಂಚಾಯತಿ ಕೇಳುವವರೆಗೆ ಕಾಯಬೇಡಿ. ಅರ್ಜಿ ಬರೆಯುವಾಗ ಮನೆಯ ಉದ್ದಗಲದ ಕೆಳಗೆ ಧರೆಯ ಎತ್ತರವನ್ನೂ ಬರೆಯಿರಿ. ಧರೆಯ ನೆತ್ತಿಯ ಮೇಲೆ ನೀರು ತಿರುಗಿಸುವ ಅಗಳ ತೋಡಿ, ಓರೆಗೆ ಲಾವಂಚ ನೆಡಿ. ಜೂನ್ ಮೊದಲ ವಾರದಲ್ಲಿ ಜೆಸಿಬಿ ಸಿಗುತ್ತದೆಂದು ಯಾರಾದರೂ ಅಂದರೆ, ಬೇಡ ಎನ್ನಿ.