ಬೆನ್ನುನೋವಿನ ಸಾಕ್ಷ್ಯ: ಕಾರ್ಮಿಕ ಪರಿಹಾರ ಕಾನೂನಿನ ಒಂದು ವಿಮರ್ಶೆ

ಚರಿತ್ರೆಯ ವಿದ್ಯಾರ್ಥಿಗೆ ನಾವು ಮೊದಲು ಕಲಿಸುವ ಪಾಠವು ಆಧಾರಗಳ ಪರಿಶೀಲನೆ. ದಾಖಲೆಯನ್ನು ಬರೆದವರು ಯಾರು, ಯಾವ ಉದ್ದೇಶದಿಂದ ಬರೆದರು, ಅದು ಯಾರ ವಶದಲ್ಲಿತ್ತು, ಯಾವುದನ್ನು ಹೇಳದೆ ಬಿಟ್ಟಿತು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳದೆ ನಾವು ಯಾವ ಶಾಸನವನ್ನೂ ಯಾವ ಕಡತವನ್ನೂ ನಂಬುವುದಿಲ್ಲ. ಕೂಲಿಕಾರನೊಬ್ಬನ ಬೆನ್ನಿನ ಗಾಯವು ವಿವಾದಕ್ಕೆ ಬಂದಾಗಲೂ ಇವೇ ಪ್ರಶ್ನೆಗಳು ಏಳತಕ್ಕವು. ಅಲ್ಲಿ ಅವನ್ನು ಕೇಳದೆ ಬಿಡುವುದರಿಂದ ಆಗುವ ಅನ್ಯಾಯವನ್ನು ತೋರಿಸುವುದೇ ಈ ಲೇಖನದ ಉದ್ದೇಶ.

1923ರ ಕಾರ್ಮಿಕರ ಪರಿಹಾರ ಅಧಿನಿಯಮವು 1924ರ ಜುಲೈ 1ರಿಂದ ಜಾರಿಗೆ ಬಂದಿತು. ಉದ್ಯೋಗದಿಂದ ಹುಟ್ಟಿದ, ಉದ್ಯೋಗದ ಅವಧಿಯಲ್ಲಿ ಸಂಭವಿಸಿದ ಅಪಘಾತದಿಂದ ದೇಹಕ್ಕೆ ಗಾಯವಾದರೆ ಧಣಿಯು ಪರಿಹಾರ ಕೊಡತಕ್ಕದ್ದೆಂಬುದು ಅದರ ಮೂರನೆಯ ಕಲಮಿನ ಸಾರ. ಈ ಸೂತ್ರವು 1897ರ ಬ್ರಿಟಿಷ್ ಕಾನೂನಿನಿಂದ ಬಂದುದು. 2010ರಲ್ಲಿ ಅಧಿನಿಯಮದ ಹೆಸರು ಬದಲಾಯಿತು. 2025ರ ನವೆಂಬರ್ 21ರಂದು 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಅದರ ಸ್ಥಾನವನ್ನು ಪಡೆಯಿತು. ಆದರೂ ಸೂತ್ರವು ಹಾಗೆಯೇ ಉಳಿದಿದೆ.

ಹಿರಿಯಡ್ಕದ ಕಡೆಯ ಮುರಕಲ್ಲಿನ ಕೋರೆಯೊಂದರಲ್ಲಿ ಲಾರಿಗೆ ಕಲ್ಲು ಏರಿಸುವವನೊಬ್ಬನನ್ನು ಉದಾಹರಣೆಗೆ ಭಾವಿಸೋಣ. ಕಲ್ಲೆತ್ತುವಾಗ ಅವನ ಸೊಂಟ ಹಿಡಿಯುತ್ತದೆ. ಅಂದಿನ ಕೂಲಿ ತಪ್ಪಬಾರದೆಂದು ಸಂಜೆಯವರೆಗೂ ದುಡಿಯುತ್ತಾನೆ. ರಾತ್ರಿ ಎಣ್ಣೆ ತಿಕ್ಕಿಸಿಕೊಂಡು ಮಲಗುತ್ತಾನೆ. ಎಂಟು ದಿನಗಳ ಮೇಲೆ ಕಾಲು ಜೋಮು ಹಿಡಿದಾಗ ಮಣಿಪಾಲದ ಕಡೆಗೆ ಬಸ್ಸು ಹತ್ತುತ್ತಾನೆ. ಎಂದಿನಿಂದ ನೋವು ಎಂದು ವೈದ್ಯರು ಕೇಳಿದರೆ, ‘ಸುಮಾರು ದಿನದಿಂದ ಇದೆ’ ಎನ್ನುತ್ತಾನೆ. ಆಸ್ಪತ್ರೆಯ ಚೀಟಿಯಲ್ಲಿ ಉಳಿಯುವುದು ಆ ಒಂದು ವಾಕ್ಯ. ಮುಂದೆ ವಿವಾದವೆದ್ದಾಗ ಎದುರುಪಕ್ಷದವರು ಮೊದಲು ಹಾಜರುಪಡಿಸುವುದೂ ಅದನ್ನೇ.

ಇಂತಹ ಗಾಯವು ‘ಅಪಘಾತ’ವೇ ಎಂಬ ಪ್ರಶ್ನೆಯು ಹಳೆಯದು. ಇಂಗ್ಲೆಂಡಿನ ಪ್ರಭುಸಭೆಯು 1903ರ ಫೆಂಟನ್ ಮೊಕದ್ದಮೆಯಲ್ಲಿ, ಯಂತ್ರದ ಚಕ್ರವನ್ನು ಬಲವಾಗಿ ತಿರುಗಿಸುವಾಗ ದೇಹದ ಒಳಗೆ ಆದ ಹಾನಿಯೂ ಅಪಘಾತವೇ ಎಂದು ನಿರ್ಣಯಿಸಿತು. ಧಣಿಯ ಕಡೆಯವರು ಎಲುಬಿನ ಸವಕಳಿಗೆ ವಯಸ್ಸೇ ಕಾರಣವೆಂದು ವಾದಿಸುವುದುಂಟು. ನೋವೇ ಇಲ್ಲದವರ ಬೆನ್ನಿನ ಚಿತ್ರದಲ್ಲಿಯೂ ಸವಕಳಿ ಕಾಣುವುದರಿಂದ ಈ ವಾದವು ಪೂರ್ತಿಯಾಗಿ ನಿರಾಧಾರವಲ್ಲ. ಆದರೆ ಅದೇ ಕಾರಣದಿಂದ, ಚಿತ್ರದಲ್ಲಿ ಸವಕಳಿ ಇದೆಯೆಂಬುದು ನೋವಿನ ಮೂಲವನ್ನೂ ಹೇಳಲಾರದು. ಮೊದಲೇ ದುರ್ಬಲವಾಗಿದ್ದ ದೇಹಕ್ಕೆ ಸಾಮಾನ್ಯ ಕೆಲಸವೇ ಕೊನೆಯ ಪೆಟ್ಟನ್ನು ಕೊಟ್ಟರೂ ಪರಿಹಾರ ಸಲ್ಲುವುದೆಂದು ಅದೇ ಸಭೆಯು 1910ರಲ್ಲಿ ತೀರ್ಮಾನಿಸಿತ್ತು.

ಹೀಗಿರುವಾಗ ಕಷ್ಟವಿರುವುದು ರುಜುವಾತಿನಲ್ಲಿ. 1969ರ ಮ್ಯಾಕಿನನ್ ಮೆಕೆಂಜಿ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ರುಜುವಾತಿನ ಹೊಣೆಯನ್ನು ಅರ್ಜಿದಾರನ ಮೇಲೆಯೇ ಇರಿಸಿತು. ಪ್ರತ್ಯಕ್ಷ ಸಾಕ್ಷ್ಯವಿಲ್ಲದಿದ್ದರೆ ಸಾಂದರ್ಭಿಕ ಸಾಕ್ಷ್ಯದಿಂದ ನಿರ್ಣಯಕ್ಕೆ ಬರಬಹುದು, ಬರಿಯ ಊಹೆ ಸಲ್ಲದು ಎಂದೂ ಹೇಳಿತು. ಈ ನಿಯಮವು ಚರಿತ್ರಕಾರನಿಗೂ ಒಪ್ಪಿಗೆಯಾದುದೇ. ಆದರೆ ಇಲ್ಲಿ ಹಾಜರಿ ಪುಸ್ತಕವನ್ನೂ ಕೂಲಿಯ ಲೆಕ್ಕವನ್ನೂ ಬರೆಯುವವನು ಧಣಿ. ಅಪಘಾತದ ತಿಳಿವಳಿಕೆಯನ್ನು ಬರೆದಿಡಲು, ಗಾಯಾಳುವಿಗೆ ಸುಲಭವಾಗಿ ಸಿಗುವಂತೆ ಒಂದು ಪುಸ್ತಕವನ್ನಿಡಬೇಕೆಂದು ಗೊತ್ತಾದ ವರ್ಗದ ಧಣಿಗಳಿಗೆ ವಿಧಿಸುವ ಅಧಿಕಾರವನ್ನು 1923ರ ಅಧಿನಿಯಮದ ಹತ್ತನೆಯ ಕಲಮು ರಾಜ್ಯ ಸರ್ಕಾರಕ್ಕೆ ಕೊಟ್ಟಿತ್ತು. ಪುಸ್ತಕವೇ ಇಲ್ಲದ ಕೋರೆಯಲ್ಲಿ ಅಪಘಾತದ ಬರವಣಿಗೆ ಇಲ್ಲವೆಂಬುದರಿಂದ ಅಪಘಾತವೇ ಆಗಲಿಲ್ಲವೆಂದು ಹೇಗೆ ಸಿದ್ಧವಾದೀತು? ಬರೆಯಬೇಕಾದವನ ಮೌನವನ್ನು ಬರೆಯಲಾರದವನ ವಿರುದ್ಧ ಸಾಕ್ಷ್ಯವಾಗಿ ಎಣಿಸುವುದು ಆಧಾರ ವಿಮರ್ಶೆಗೆ ವಿರುದ್ಧ. ಆಸ್ಪತ್ರೆಯ ಚೀಟಿಯಾದರೋ ಚಿಕಿತ್ಸೆಗಾಗಿ ಬರೆದುದು, ಕಾರಣದ ನಿರ್ಣಯಕ್ಕಾಗಿ ಅಲ್ಲ. ಅದರ ‘ಸುಮಾರು ದಿನ’ವನ್ನು ಆ ಉದ್ದೇಶಕ್ಕೆ ಹೊಂದಿಸಿಯೇ ಓದತಕ್ಕದ್ದು, ಜೊತೆಗೆ ಕೆಲಸ ಮಾಡಿದವರ ಮಾತನ್ನೂ ಮನೆಯವರ ಮಾತನ್ನೂ ಅದರೊಡನೆ ತೂಗಿ ನೋಡತಕ್ಕದ್ದು.

ಕೋರೆಯವನಿಗೆ ತೋರಿಸಲು ಒಂದು ದಿನವಾದರೂ ಇದೆ. ಬೀಡಿ ಕಟ್ಟುವ ಹೆಂಗಸಿಗೆ ಅದೂ ಇಲ್ಲ. ಮೊಣಕಾಲ ಮೇಲೆ ಗೆರಸೆಯನ್ನಿಟ್ಟು ಇಪ್ಪತ್ತು ಮೂವತ್ತು ವರ್ಷ ಬಾಗಿ ಕುಳಿತ ಬೆನ್ನು ಯಾವ ತಾರೀಖಿನಂದು ಕೆಟ್ಟಿತೆಂದು ಆಕೆ ಹೇಳಬೇಕು? ಕೆಲಸದ ಸ್ಥಳವು ಆಕೆಯ ಮನೆಯ ಜಗಲಿ. ಮನೆಯಲ್ಲಿ ಕಟ್ಟುವವರೂ ನೌಕರರೇ ಎಂಬ ಮಾತು 1966ರ ಬೀಡಿ ಕಾರ್ಮಿಕರ ಅಧಿನಿಯಮದ ಸಂಬಂಧವಾಗಿ 1974ರಲ್ಲಿ, ಭವಿಷ್ಯನಿಧಿಯ ಸಂಬಂಧವಾಗಿ 1985ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸ್ಥಿರವಾಯಿತು. ಆದರೆ ನೌಕರಳೆನಿಸಿದ ಮಾತ್ರಕ್ಕೆ ಬೆನ್ನಿಗೆ ಪರಿಹಾರ ಸಿಗಲಿಲ್ಲ. ಅಪಘಾತದ ಗಾಯಕ್ಕೆ ನೇರವಾಗಿ ಸಂಬಂಧಿಸದ ರೋಗಕ್ಕೆ, ಅದು ಮೂರನೆಯ ಅನುಸೂಚಿಯ ವೃತ್ತಿರೋಗಗಳ ಪಟ್ಟಿಯಲ್ಲಿ ಇಲ್ಲದಿದ್ದರೆ, 1923ರ ಅಧಿನಿಯಮವು ಪರಿಹಾರವನ್ನು ನಿರಾಕರಿಸಿತ್ತು. ಬಾಗಿ ದುಡಿದು ಸವೆದ ಬೆನ್ನು ಆ ಪಟ್ಟಿಯಲ್ಲಿರಲಿಲ್ಲ. ಹೆಬ್ಬೆರಳು ಹೋದರೆ ಶೇಕಡಾ 30 ಎಂದು ಮೊದಲನೆಯ ಅನುಸೂಚಿ ಲೆಕ್ಕ ಹೇಳಿತ್ತು. ಬೆನ್ನಿಗೆ ಅಲ್ಲಿಯೂ ಅಂತಹ ಅಂಕಿಯಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯುಂಟು. ಬೆನ್ನುನೋವು ಎಲ್ಲರಿಗೂ ಬರತಕ್ಕದ್ದು. ಅದನ್ನೆಲ್ಲ ಧಣಿಯ ತಲೆಗೆ ಕಟ್ಟಿದರೆ ಸಣ್ಣ ಉದ್ಯಮಗಳು ಉಳಿಯುವುದೆಂತು? ಆಕ್ಷೇಪಣೆಯು ಹಗುರವಾದುದಲ್ಲ. ಆದರೆ ಗಡಿಯನ್ನು ಎಳೆಯುವುದು ಅಸಾಧ್ಯವೂ ಅಲ್ಲ. ಬಹುವರ್ಷ ಭಾರವಾದ ಹೊರೆಯನ್ನು ಎತ್ತಿದುದರಿಂದ ಅಥವಾ ಅತಿಯಾಗಿ ಬಾಗಿ ದುಡಿದುದರಿಂದ ಸೊಂಟದ ಎಲುಬುಗಳ ನಡುವಣ ಮೆತ್ತೆಗೆ ಬರುವ ರೋಗವನ್ನು ಜರ್ಮನಿಯು 1993ರಲ್ಲಿ ವೃತ್ತಿರೋಗಗಳ ಪಟ್ಟಿಗೆ ಸೇರಿಸಿತು. ಅಲ್ಲಿ ಒಂದು ದಿನದ ಘಟನೆಯ ಬದಲು ಹಲವು ವರ್ಷಗಳ ದುಡಿಮೆಯೇ ಪರೀಕ್ಷೆಗೆ ಒಳಗಾಗುತ್ತದೆ.

ಚರಿತ್ರೆಯು ಯುದ್ಧಗಳ ತಾರೀಖುಗಳಲ್ಲಿ ಮಾತ್ರ ಇಲ್ಲವೆಂಬುದನ್ನು ನಮ್ಮ ಶಾಸ್ತ್ರವು ಬಹುಕಾಲದ ಹಿಂದೆಯೇ ಒಪ್ಪಿಕೊಂಡಿದೆ; ನಿಧಾನವಾದ ಬದಲಾವಣೆಗೂ ಆಧಾರಗಳುಂಟು. ವರ್ಷಕ್ಕೆ ಎಷ್ಟು ಸಾವಿರ ಬೀಡಿ ಕಟ್ಟಿದರೆಂಬುದನ್ನು ಬ್ರಾಂಚಿನ ಪುಸ್ತಕ ಹೇಳುತ್ತದೆ. ಎಷ್ಟು ಲೋಡು ಕಲ್ಲು ಹೋಯಿತೆಂಬುದನ್ನು ಲಾರಿಯ ಚೀಟಿ ಹೇಳುತ್ತದೆ. ಇವುಗಳನ್ನು ಸವೆದ ಬೆನ್ನಿನ ಸಾಕ್ಷ್ಯವೆಂದು ಕಾನೂನು ಸ್ವೀಕರಿಸಬೇಕೆಂಬುದು ನಮ್ಮ ಅಭಿಪ್ರಾಯ. ಅದುವರೆಗೆ, ಇಂತಹ ಪುಸ್ತಕಗಳು ರದ್ದಿಗೆ ಹೋಗುವ ಮೊದಲು ಅವುಗಳನ್ನು ಸಂಗ್ರಹಿಸಿಡುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಕೈಗೊಳ್ಳಬಹುದು. ಅವರಲ್ಲಿ ಹಲವರ ಕಾಲೇಜಿನ ಶುಲ್ಕವು ಆ ಪುಸ್ತಕಗಳ ಲೆಕ್ಕದಿಂದಲೇ ಬಂದಿದೆ.